ಮಕ್ಕಳ ಕೃತಿಸಂಪುಟಕ್ಕೆ ಗೂಗಲ್ ಡ್ರೈವ್, ಗೂಗಲ್ ಸೈಟ್ಸ್: ಎರಡು ವರ್ಷ ಬಳಸಿದ ಮೇಲೆ

ಮಲೆನಾಡಿನ ಶಾಲೆಗಳಲ್ಲಿ ಪಾಠ ಮಾಡುವವರಿಗೆ ಇದು ಗೊತ್ತೇ ಇರುತ್ತದೆ. ಜೂನ್‌ನಲ್ಲಿ ಮಕ್ಕಳ ಕೆಲಸವನ್ನೆಲ್ಲ ಫೈಲಿಗೆ ಹಾಕಿ ಬೀರುವಿನಲ್ಲಿಟ್ಟರೆ, ಆಗಸ್ಟ್ ಹೊತ್ತಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬೂಸ್ಟು ಹಿಡಿದಿರುತ್ತವೆ. ನಮ್ಮ ಶಾಲೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಕಡೆ, ಅಲ್ಲಿನ ಮಳೆ ಎಂಥದ್ದು ಅಂತ ಹೇಳಬೇಕಾಗಿಲ್ಲ ಅಲ್ವಾ? ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಬಂದಾಗಿನಿಂದ ಪ್ರತಿ ಮಗುವಿಗೂ ಕೃತಿಸಂಪುಟ, ಅಂದರೆ ಮಗು ವರ್ಷವಿಡೀ ಮಾಡಿದ ಕೆಲಸಗಳ ಸಂಗ್ರಹ, ಇಡುತ್ತಾ ಬಂದಿದ್ದೇವೆ. ಆದರೆ ಮಾರ್ಚ್‌ನಲ್ಲಿ ತೆಗೆದು ನೋಡಿದರೆ ಅರ್ಧ ಓದಲಿಕ್ಕೇ ಬರುತ್ತಿರಲಿಲ್ಲ.

ಹಾಗಾಗಿ ಎರಡು ವರ್ಷದ ಹಿಂದೆ ಡಿಜಿಟಲ್ ಮಾಡಿದೆವು. ಮೊದಲು ಹಿಡಿದದ್ದು ಬೇರೆ ಒಂದು ಆ್ಯಪ್. ಚೆಂದವೇನೋ ಇತ್ತು, ಆದರೆ ಮೂರು ತಿಂಗಳಾದ ಮೇಲೆ ದುಡ್ಡು ಕಟ್ಟಿ ಅಂತ ಕೇಳಿತು, ಹಾಕಿದ್ದನ್ನು ಒಟ್ಟಿಗೆ ವಾಪಸ್ ಇಳಿಸಿಕೊಳ್ಳಲೂ ಆಗಲಿಲ್ಲ. ಆಮೇಲೆ ಗೂಗಲ್ ಡ್ರೈವ್‌ಗೆ ಬಂದೆವು. ಒಂದು ಖಾತೆಗೆ 15 ಜಿಬಿ ಜಾಗ ಉಚಿತ. ಜಿಮೇಲ್, ಫೋಟೋಸ್ ಎಲ್ಲ ಸೇರಿ ಅಷ್ಟು ಅನ್ನೋದು ನೆನಪಿರಲಿ. ವೈಯಕ್ತಿಕ ಖಾತೆಯಲ್ಲಿ ಮಾಡಬೇಡಿ, ಶಾಲೆಗೇ ಬೇರೆ ಖಾತೆ ತೆರೆಯಿರಿ. ಉದ್ದ ವಿಡಿಯೋ ಹಾಕಿದರೆ ಜಾಗ ಬೇಗ ತುಂಬುತ್ತದೆ, ಬರೀ ಧ್ವನಿಗೆ ತೀರಾ ಕಡಿಮೆ ಸಾಕು.

ಕೆಲಸ ಸುಲಭ. ಮಗುವಿಗೊಂದು ಫೋಲ್ಡರ್, ಅದರೊಳಗೆ ವರ್ಷದ ನಾಲ್ಕು ಎಫ್‌ಎಗೆ (ರೂಪಣಾತ್ಮಕ ಮೌಲ್ಯಮಾಪನಕ್ಕೆ) ನಾಲ್ಕು. ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ, ಹಾಳೆಯನ್ನು ನೇರ ಮಾಡಿ ಪಿಡಿಎಫ್ ಆಗಿ ಇಡುತ್ತದೆ. ಮಳೆಗಾಲದ ಮಂಕು ಬೆಳಕಲ್ಲಿ ಕಿಟಕಿ ಹತ್ತಿರ ಹಿಡಿದರೂ ಅಕ್ಷರ ಸ್ಪಷ್ಟವಾಗಿ ಬರುತ್ತದೆ.

ಮೊದಲ ವರ್ಷ ನಾವು ಮಾಡಿದ ತಪ್ಪು ಅಂದ್ರೆ ಸಿಕ್ಕಿದ್ದೆಲ್ಲ ತುಂಬಿದ್ದು. ರಂಗೋಲಿ, ಚಾರ್ಟು, ಹೋಂವರ್ಕು, ಗಣರಾಜ್ಯೋತ್ಸವದ ಫೋಟೋ, ಎಲ್ಲ. ಯಾರೂ ತೆರೆದು ನೋಡಲಿಲ್ಲ. ಎರಡನೇ ವರ್ಷ ಒಂದೇ ನಿಯಮ ಮಾಡಿದೆವು: ಒಂದು ಎಫ್‌ಎಗೆ ಮೂರೇ ಕೆಲಸ, ಆರಿಸುವುದು ಮಗು, ಯಾಕೆ ಆರಿಸಿದೆ ಅಂತ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಬೇಕು. ಅಲ್ಲಿಂದ ಇಡೀ ವಿಷಯವೇ ಬದಲಾಯಿತು.

ಒಂದು ಉದಾಹರಣೆ ಹೇಳುತ್ತೇನೆ. ಎಂಟನೇ ತರಗತಿಯ ಒಬ್ಬ ಹುಡುಗಿ, ಮನೆಯಲ್ಲಿ ಅಡಿಕೆ ಸುಗ್ಗಿ. ಬೇಯಿಸಿ ತೆಗೆದ ಹತ್ತು ಅಡಿಕೆಯನ್ನು ಬೇರೆ ಇಟ್ಟು, ಒಣಗುತ್ತಾ ಹೋದ ಹಾಗೆ ದಿನಾ ತೂಕ ಮಾಡಿ ಗ್ರಾಫ್ ಬರೆದಿದ್ದಳು. ಹಾಳೆಯ ಮೂಲೆಯಲ್ಲಿ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಕೆಂಪು ಕಲೆ, ಸ್ಕ್ಯಾನ್‌ನಲ್ಲೂ ಹಾಗೇ ಕಾಣುತ್ತದೆ. ಗೆರೆ ಮೊದಲು ಕಡಿದಾಗಿ ಇಳಿದು ಆಮೇಲೆ ಸಪಾಟಾಗಿತ್ತು. ರೆಕಾರ್ಡಿಂಗ್‌ನಲ್ಲಿ ಅವಳು ಹೇಳಿದ್ದು, "ನಡುವೆ ಒಂದಿನ ತೂಕ ಜಾಸ್ತಿ ಬಂತು, ತಪ್ಪಾಯ್ತು ಅಂತ ಅಳಿಸಿದ್ದೆ, ಆಮೇಲೆ ಅವತ್ತು ಮೋಡ ಇತ್ತು, ಚಾಪೆ ಮೇಲೆ ಹನಿ ಬಿದ್ದಿತ್ತು ಅಂತ ನೆನಪಾಗಿ ಮತ್ತೆ ಬರೆದೆ." ಹಾಳೆಯಲ್ಲಿ ಅಳಿಸಿ ಬರೆದ ಗುರುತು ಇದೆ. ಬರೀ ಹಾಳೆ ನೋಡಿದ್ದರೆ ಗಲೀಜು ಅಂತ ಒಂದು ಅಂಕ ಕಳೆಯುತ್ತಿದ್ದೆನೋ ಏನೋ. ಮಾತು ಕೇಳಿದ ಮೇಲೆ ಆ ಗಲೀಜೇ ಆ ಕೆಲಸದ ಜೀವ ಅನ್ನಿಸಿತು. ಅದೇ ಹುಡುಗಿ ಜೂನ್‌ನಲ್ಲಿ ಮಾಡಿದ್ದ ಮೊದಲ ರೆಕಾರ್ಡಿಂಗ್ ಬರೀ ಪಿಸುಮಾತು. ಪೋಷಕರ ಸಭೆಯಲ್ಲಿ ಎರಡನ್ನೂ ಒಂದರ ಹಿಂದೊಂದು ಹಾಕಿದೆ, ಅವಳ ಅಮ್ಮ ಇನ್ನೊಂದ್ಸಲ ಹಾಕಿ ಅಂದರು.

ಕನ್ನಡ ಪ್ರಬಂಧಕ್ಕೆ ಗೂಗಲ್ ಡಾಕ್ಸ್ ಬಳಸಿದೆವು. ಬಾಯಲ್ಲಿ ಹೇಳಿದರೆ ಕನ್ನಡದಲ್ಲಿ ಟೈಪ್ ಆಗುತ್ತದೆ, ಆದರೆ ಒತ್ತಕ್ಷರ, ಊರಿನ ಹೆಸರು ಎಲ್ಲ ಕೈಯಲ್ಲೇ ತಿದ್ದಬೇಕು. ನನಗೆ ಇಷ್ಟವಾದದ್ದು ಹಳೆಯ ಆವೃತ್ತಿಗಳ ದಾಖಲೆ. ಮಗು ಯಾವತ್ತು ಏನು ಬರೆಯಿತು, ಯಾವ ಸಾಲು ತೆಗೆಯಿತು ಅಂತ ಹಿಂದೆ ಹೋಗಿ ನೋಡಬಹುದು. ಅಣ್ಣನೋ ಅಕ್ಕನೋ ಬರೆದುಕೊಟ್ಟದ್ದಾದರೆ ಇಡೀ ಪ್ರಬಂಧ ಒಂದೇ ಸಲಕ್ಕೆ ಬಂದು ಕೂತಿರುತ್ತದೆ, ಕೂಡಲೇ ಗೊತ್ತಾಗುತ್ತದೆ.

ವೆಬ್ ಪುಟ ಕಟ್ಟುವ ಗೂಗಲ್ ಸೈಟ್ಸ್ ಬಗ್ಗೆ ಅಷ್ಟು ಉತ್ಸಾಹ ಇಲ್ಲ. ಉಚಿತ, ಕೋಡಿಂಗ್ ಬೇಡ, ವರ್ಷದ ಕೊನೆಗೆ ಒಳ್ಳೆಯ ಕೆಲಸ ಜೋಡಿಸಿ ತೋರಿಸಲು ಸರಿ. ಆದರೆ ಪುಟ ಕಟ್ಟಲು ಕಂಪ್ಯೂಟರ್, ನೆಟ್ ಎರಡೂ ಬೇಕು. ಡ್ರೈವ್‌ನ ಫೈಲನ್ನು ಪುಟಕ್ಕೆ ಹಾಕಿದರೂ ಆ ಫೈಲಿನ ಅನುಮತಿ ಬೇರೆಯಾಗಿಯೇ ಕೊಡಬೇಕು, ಇಲ್ಲದಿದ್ದರೆ ಪೋಷಕರಿಗೆ ಏನೂ ಕಾಣುವುದಿಲ್ಲ. ಹಾಗಂತ ಲಿಂಕ್ ಇದ್ದವರೆಲ್ಲ ನೋಡಲಿ ಅಂತ ಬಿಟ್ಟುಬಿಡಬೇಡಿ, ದಯವಿಟ್ಟು. ಮಕ್ಕಳ ಮುಖ, ಧ್ವನಿ ಎಲ್ಲ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ನಾವು ಜೂನ್‌ನಲ್ಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತೇವೆ.

ಕಷ್ಟಗಳೂ ಇವೆ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಎರಡು ದಿನ ನೆಟ್‌ವರ್ಕ್ ಇರುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು ತೀರ್ಥಹಳ್ಳಿ ಪೇಟೆಗೆ ಹೋದಾಗ ಅಪ್‌ಲೋಡ್ ಮಾಡುತ್ತೇನೆ. ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಜೊತೆ ತೋಟಕ್ಕೆ ಹೋಗಿರುತ್ತದೆ, ಹಾಗಾಗಿ ಮನೆಯಲ್ಲಿ ಮಾಡಿ ತನ್ನಿ ಅನ್ನುವಂತಿಲ್ಲ, ಎಲ್ಲ ಶಾಲೆಯಲ್ಲೇ ಆಗಬೇಕು. ಮತ್ತೆ ಸಮಯ. ಮೂವತ್ತೆಂಟು ಮಕ್ಕಳು, ಮೂರು ಮೂರು ಕೆಲಸ, ಕೂತು ಕೇಳಬೇಕು. ಅಂಕ ಕೊಡಲು ನಾನು ನೋಡುವುದು ಇಷ್ಟೇ: ವಿಷಯ ಅರ್ಥವಾಗಿದೆಯಾ, ಎಲ್ಲಿ ಎಡವಿದೆ ಅಂತ ಮಗುವಿಗೇ ಗೊತ್ತಿದೆಯಾ, ಹೋದ ಸಲಕ್ಕಿಂತ ಏನು ಬದಲಾಗಿದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿರುತ್ತೇನೆ.

ಐದಕ್ಕೆ ಡ್ರೈವ್‌ಗೆ ನಾಲ್ಕೂವರೆ ಕೊಡುತ್ತೇನೆ, ಸೈಟ್ಸ್‌ಗೆ ಮೂರು. ಶುರು ಮಾಡುವವರು ಒಂದೇ ತರಗತಿ, ಒಂದೇ ವಿಷಯದಿಂದ ಶುರು ಮಾಡಿ. ಫೈಲಿಗೆ ಹೆಸರಿಡುವ ಕ್ರಮವನ್ನು ಮೊದಲ ದಿನವೇ ಗೋಡೆಗೆ ಬರೆದು ಅಂಟಿಸಿ: ಹಾಜರಿ ಸಂಖ್ಯೆ, ವಿಷಯ, ತಿಂಗಳು. ಹತ್ತನೇ ಮುಗಿಸಿ ಪಿಯುಸಿಗೆ ಹೋಗುವ ಮಕ್ಕಳಿಗೆ ಟಿಸಿ ಕೊಡುವ ದಿನವೇ ಅವರ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟುಬಿಡಿ, ಆಮೇಲೆ ಅಂದರೆ ಯಾರೂ ಬರುವುದಿಲ್ಲ.