ಮೇಕೆ ತೊಗಲಿಗೆ ವ್ಯಾಟಲ್ ಪುಡಿ: ಚೆನ್ನಾಗಿದೆ, ಆದರೆ ಆತುರಗಾರರಿಗಲ್ಲ

ಹಸಿ ತೊಗಲನ್ನು ಹದ ಮಾಡಲು, ಅಂದರೆ ಕೊಳೆಯದ ಚರ್ಮವಾಗಿಸಲು, ವ್ಯಾಟಲ್ ಎಂಬ ಜಾಲಿ ಜಾತಿಯ ಮರದ ತೊಗಟೆಯಿಂದ ತೆಗೆದ ಕಂದು ಪುಡಿ ಇದು. ನೀರಿಗೆ ಹಾಕಿದರೆ ಬೇಗ ಕರಗುತ್ತದೆ, ತಂಗಡಿ ತೊಗಟೆಯ ಹಾಗೆ ಕುಟ್ಟಿ ನೆನೆಸುವ ಕೆಲಸ ಇಲ್ಲ. ಪಟಿಕ ಅಗ್ಗ ನಿಜ, ತೊಗಲೂ ಬೆಳ್ಳಗೆ ಬರುತ್ತದೆ, ಆದರೆ ನೀರಲ್ಲಿ ನೆನೆದರೆ ಪಟಿಕ ತೊಳೆದುಹೋಗಿ ಒಣಗಿದ ಮೇಲೆ ಮತ್ತೆ ಗಡುಸಾಗುತ್ತದೆ. ಕ್ರೋಮ್ (ಕ್ರೋಮಿಯಂ ಲವಣ) ಹಾಕಿದರೆ ಹದ ಬೇಗ ಆಗುತ್ತದೆ, ಚರ್ಮ ಬಿಸಿನೀರನ್ನೂ ತಡೆಯುತ್ತದೆ. ಆದರೆ ಆ ಕ್ರೋಮ್ ನೀರನ್ನು ಮನೆ ಚರಂಡಿಗೆ ಬಿಡೋದು ಸರಿಯಲ್ಲ, ಅಲ್ವಾ?

ಪ್ಯಾಕೆಟ್ ಮೇಲೆ ಬಳಸುವ ವಿಧಾನವೇ ಇಲ್ಲ, ಇದೇ ನನ್ನ ದೊಡ್ಡ ತಕರಾರು. ಯಾಕಂದ್ರೆ ಮೊದಲೇ ಗಟ್ಟಿ ದ್ರಾವಣಕ್ಕೆ ಹಾಕಿದರೆ ಮೇಲ್ಮೈ ಬಿಗಿದುಕೊಳ್ಳುತ್ತದೆ, ಒಳಗೆ ತೊಗಲು ಹಸಿಯಾಗೇ ಉಳಿಯುತ್ತದೆ. ಸುಣ್ಣದಲ್ಲಿಟ್ಟು ಕೂದಲು ತೆಗೆದು, ಸುಣ್ಣ ಪೂರ್ತಿ ಹೋಗುವಂತೆ ತೊಳೆದು, ತೆಳು ದ್ರಾವಣದಿಂದ ಶುರು ಮಾಡಿ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಪುಡಿ ಸೇರಿಸಿ, ಆಗಾಗ ತೊಗಲನ್ನು ತಿರುಗಿಸುತ್ತಿರಿ. ಕತ್ತಿನ ಹತ್ತಿರ, ಎಲ್ಲಿ ದಪ್ಪವೋ ಅಲ್ಲಿ, ಅಂಚು ಕೊಯ್ದು ನೋಡಿ. ನಡುವೆ ಬಿಳಿ ಗೆರೆ ಇದ್ದರೆ ಇನ್ನೂ ಆಗಿಲ್ಲ. ಕಬ್ಬಿಣದ ಬಕೆಟ್ ಮಾತ್ರ ಬೇಡ, ಕಪ್ಪು ಕಲೆ ಬೀಳುತ್ತದೆ. ಪ್ಲಾಸ್ಟಿಕ್ ಡ್ರಮ್ ಸಾಕು.

ಬಣ್ಣ ಕೆಂಪುಗಂದು, ಬಿಸಿಲಿಗೆ ಇನ್ನೂ ಗಾಢವಾಗುತ್ತದೆ. ಅರೆ ಒಣಗಿದಾಗ ಹೊಂಗೆ ಎಣ್ಣೆ ಸವರಿ, ಮರದ ಅಂಚಿಗೆ ಎಳೆದೆಳೆದು ಮೆತ್ತಗೆ ಮಾಡಬೇಕು, ಸುಮ್ನೆ ಒಣಗಲು ಬಿಟ್ಟರೆ ಹಲಗೆಯೇ. ಪರ್ಸ್, ಬೆಲ್ಟ್ ಮಾಡುವವರು ಧಾರಾಳವಾಗಿ ಕೊಳ್ಳಿ. ಕೂದಲು ಉಳಿಸಿಕೊಂಡು ಹಾಸು ಮಾಡುವುದಾದರೆ ಇದು ಬೇಡ, ಕೂದಲಿಗೂ ಬಣ್ಣ ಹತ್ತುತ್ತದೆ.