ಕ್ಲೋರಿನ್ ಪರಮಾಣು ಅಳೆಯುವ ಮೈಕ್ರೋವೇವ್ ಲ್ಯಾಂಪ್: ಮುಚ್ಚಿದ್ದೋ, ಹರಿವಿನದೋ?

ಶಾಕ್ ಟ್ಯೂಬಿನಲ್ಲಿ, ಅಂದರೆ ಆಘಾತ ತರಂಗದಿಂದ ಅನಿಲವನ್ನು ಕ್ಷಣಾರ್ಧದಲ್ಲಿ ಬಿಸಿಮಾಡುವ ಕೊಳವೆಯಲ್ಲಿ, ಕ್ಲೋರಿನ್, ಫ್ಲೋರಿನ್‌ನಂಥ ಹ್ಯಾಲೊಜನ್ ಇರುವ ಅನಿಲಗಳು ಒಡೆಯುವ ವೇಗ ಅಳೆಯಲು ಲೋಹ ಪರೀಕ್ಷೆಯ ಮಾಮೂಲಿ ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರ ನಡೆಯುವುದಿಲ್ಲ. ಕ್ಲೋರಿನ್ ಪರಮಾಣು ಹೀರುವುದು 134.7 ನ್ಯಾನೊಮೀಟರ್ ಬೆಳಕನ್ನು. ಅದನ್ನು ಗಾಳಿಯ ಆಮ್ಲಜನಕವೇ ನುಂಗುತ್ತದೆ. ಬೆಳಕಿನ ಹಾದಿಯೆಲ್ಲ ನಿರ್ವಾತವಾಗಿರಬೇಕು, ಕಿಟಕಿ ಮೆಗ್ನೀಸಿಯಂ ಫ್ಲೋರೈಡಿನದಾಗಿರಬೇಕು. ಬೆಳಕಿಗೆ 2.45 ಗಿಗಾಹರ್ಟ್ಸ್ ಮೈಕ್ರೋವೇವ್ ಡಿಸ್ಚಾರ್ಜ್ ಲ್ಯಾಂಪ್, ಅಂದರೆ ಮೈಕ್ರೋವೇವಿನಿಂದ ಒಳಗಿನ ಅನಿಲವನ್ನು ಹೊಳೆಯಿಸುವ ದೀಪ ಬೇಕು. ಅನಿಲವನ್ನು ಒಳಗೇ ಮುಚ್ಚಿಟ್ಟದ್ದು, ಅನಿಲ ಸದಾ ಹರಿಯುವಂಥದ್ದು ಎಂದು ಇದು ಎರಡು ಬಗೆ.

ಮುಚ್ಚಿದ ಲ್ಯಾಂಪಿಗೆ ಅನಿಲದ ಪೈಪಿನ ರಗಳೆಯಿಲ್ಲ. ಆದರೆ ಒಳಗಿನ ಅಲ್ಪ ಹ್ಯಾಲೊಜನ್ ದಿನ ಕಳೆದಂತೆ ಗೋಡೆಗೆ ಸೇರಿಕೊಂಡು, ಬೆಳಕಿನ ರೇಖೆಯ (ಪರಮಾಣು ಸೂಸುವ ಕಿರಿದಾದ ತರಂಗಾಂತರದ ಬೆಳಕಿನ) ಆಕಾರವೇ ಬದಲಾಗುತ್ತದೆ. ಹಳೆಯ ಕ್ಯಾಲಿಬ್ರೇಶನ್ ವ್ಯರ್ಥ. ಹರಿವಿನ ಲ್ಯಾಂಪಿನಲ್ಲಿ ಹೀಲಿಯಂ ಜೊತೆ ಸುಮಾರು 0.1 ಶೇಕಡಾ ಕ್ಲೋರಿನ್ ಕೆಲವೇ ಟಾರ್ (1 ಟಾರ್ ಎಂದರೆ ವಾಯುಭಾರದ 760ರಲ್ಲೊಂದು ಪಾಲು) ಒತ್ತಡದಲ್ಲಿ ಹರಿಯುತ್ತದೆ, ಪ್ರಮಾಣ ನಮ್ಮ ಕೈಯಲ್ಲಿರುತ್ತದೆ. ಕೊಳ್ಳುವುದಾದರೆ ಇದನ್ನೇ.

ಇದರಲ್ಲೂ ಎಡವುವ ಜಾಗವೊಂದಿದೆ. ಬೆಳಕು ಸಾಲದೆಂದು ಕ್ಲೋರಿನ್ ಏರಿಸಿದರೆ ಕಿಟಕಿಯ ಬಳಿಯ ತಣ್ಣನೆಯ ಪರಮಾಣುಗಳು ರೇಖೆಯ ನಡುಭಾಗವನ್ನು ತಾವೇ ತಿಂದುಬಿಡುತ್ತವೆ. ಉಳಿದ ಅಂಚಿನ ಬೆಳಕನ್ನು ಟ್ಯೂಬಿನ ಪರಮಾಣುಗಳು ಹೆಚ್ಚು ಹೀರುವುದಿಲ್ಲ. ಮೀಟರಿನಲ್ಲಿ ಬೆಳಕು ಹೆಚ್ಚಾಗಿ ಕಾಣುತ್ತದೆ, ಆದರೆ ಸೂಕ್ಷ್ಮತೆ ಕುಸಿಯುತ್ತದೆ. ಹಾಗಾಗಿ ಲ್ಯಾಂಪನ್ನು ಹೊಂದಿಸುವಾಗ ನೋಡಬೇಕಾದ್ದು ಹೊಳಪಲ್ಲ, ಗೊತ್ತಿರುವ ಸಾಂದ್ರತೆಗೆ ಸಿಗುವ ಹೀರಿಕೆ. ಹೀಲಿಯಂನಲ್ಲಿ ತೇವದ ಪಸೆಯಿದ್ದರೂ ಹೈಡ್ರೊಜನ್‌ನ 121.6 ನ್ಯಾನೊಮೀಟರ್ ರೇಖೆ ಬೆರೆಯುತ್ತದೆ. ಒಂದೇ ತರಂಗಾಂತರವನ್ನು ಆರಿಸಿ ಬಿಡುವ ಮಾನೋಕ್ರೋಮೇಟರ್ ಇಲ್ಲದಿದ್ದರೆ ಕ್ಲೋರಿನ್ ಎಷ್ಟೇ ಇದ್ದರೂ ಹೀರಿಕೆ ಪೂರ್ತಿಯಾಗದು. ಹೀಲಿಯಂ ಅನ್ನು ದ್ರವ ಸಾರಜನಕದ ಟ್ರ್ಯಾಪಿನಲ್ಲಿ (ತೇವವನ್ನು ಹೆಪ್ಪುಗಟ್ಟಿಸಿ ಹಿಡಿಯುವ ತಣ್ಣನೆಯ ಬಲೆಯಲ್ಲಿ) ಹಾಯಿಸಿ, ಆದರೆ ಕ್ಲೋರಿನ್ ಬೆರೆಸುವ ಮುನ್ನ. ಬೆರೆಸಿದ ಮೇಲೆ ಹಾಯಿಸಿದರೆ ಕ್ಲೋರಿನ್ನೇ ಟ್ರ್ಯಾಪಿನಲ್ಲಿ ಹೆಪ್ಪುಗಟ್ಟುತ್ತದೆ!

ಹೀರಿಕೆ ಮತ್ತು ಸಾಂದ್ರತೆಯ ಸಂಬಂಧ ಇಲ್ಲಿ ಸರಳರೇಖೆಯಲ್ಲ, ಪ್ರತಿ ಲ್ಯಾಂಪಿಗೂ ಅದರದೇ ವಕ್ರರೇಖೆ ಬೇಕು. ಕ್ಲೋರೋಟ್ರೈಫ್ಲೋರೋಮೀಥೇನನ್ನು ಪೂರ್ತಿ ಒಡೆಯುವಷ್ಟು ಬಿಸಿಮಾಡಿ, ಸಮತಟ್ಟಾದ ಕೊನೆಯ ಮಟ್ಟವನ್ನು ಅಣುವಿಗೊಂದು ಪರಮಾಣು ಎಂದು ಲೆಕ್ಕ ಹಾಕಿದರೆ ಅದು ಸಿಗುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡಿಗೆ ಈ ಲೆಕ್ಕ ಸಲ್ಲದು. ಮೊದಲ ಕ್ಲೋರಿನ್ ಹೋದ ಮೇಲೆ ಉಳಿದ ತುಣುಕೂ ಒಡೆದು ಎರಡನೆಯದನ್ನು ಕೊಡುತ್ತದೆ.

ಆರ್ಗಾನಿನಲ್ಲಿ 5 ಪಿಪಿಎಂ (ಹತ್ತು ಲಕ್ಷದಲ್ಲಿ 5 ಪಾಲು) ಮಾದರಿ ಸಾಕು. 1500 ಕೆಲ್ವಿನ್, 1 ವಾಯುಭಾರದಲ್ಲಿ ಅದು ಘನ ಸೆಂಟಿಮೀಟರಿಗೆ ಸುಮಾರು 2.4 × 10¹³ ಅಣು. ಇಷ್ಟು ತೆಳುವಾಗಿದ್ದರೆ ಹುಟ್ಟಿದ ಪರಮಾಣುಗಳು ಬೇರೆ ಅಣುಗಳಿಗೆ ಢಿಕ್ಕಿ ಹೊಡೆಯುವುದು ವಿರಳ. ಪರಮಾಣು ಸಾಂದ್ರತೆಯ ಆರಂಭದ ಏರಿಕೆಯ ವೇಗವನ್ನು ಮಾದರಿಯ ಮೂಲ ಸಾಂದ್ರತೆಯಿಂದ ಭಾಗಿಸಿದರೆ ವೇಗದ ಸ್ಥಿರಾಂಕ ಬಂತು. ಆದರೆ ಇಷ್ಟು ಕಡಿಮೆ ಅನಿಲದಲ್ಲಿ ಒಂದು ಪಾಲು ಗೋಡೆಗೆ ಅಂಟಿದರೂ ಫಲಿತಾಂಶ ತಪ್ಪುತ್ತದೆ, ಆದ್ದರಿಂದ ಟ್ಯೂಬಿಗೆ ಅದೇ ಮಿಶ್ರಣ ಒಮ್ಮೆ ತುಂಬಿ, ಖಾಲಿ ಮಾಡಿ, ಮತ್ತೆ ತುಂಬಬೇಕು. ಮೂಲ ಅನಿಲವೇ 134.7ರಲ್ಲಿ ಹೀರುತ್ತದೆಯೇ ಎಂದು ಒಡೆಯದಷ್ಟು ಕಡಿಮೆ ತಾಪದ ಶಾಕ್‌ನಲ್ಲಿ ನೋಡಿ, ಆ ಪಾಲನ್ನು ಕಳೆಯಬೇಕು.

ಟ್ರೈಫ್ಲೋರೋಮೀಥೇನ್ ಹೈಡ್ರೊಜನ್ ಫ್ಲೋರೈಡನ್ನು ಇಡಿಯಾಗಿ ಬಿಟ್ಟುಕೊಡುತ್ತದೆ, ಬಿಡಿ ಪರಮಾಣು ಹುಟ್ಟುವುದೇ ಇಲ್ಲ. ಅದರ ಮುಂದೆ ಈ ಲ್ಯಾಂಪ್ ಕುರುಡು. ಫ್ಲೋರಿನ್ ಪರಮಾಣುವಿನ ರೇಖೆಯಾದರೋ 95 ನ್ಯಾನೊಮೀಟರ್ ಸುತ್ತ, ಯಾವ ಕಿಟಕಿಯೂ ಅದನ್ನು ದಾಟಿಸದು. ಫ್ಲೋರಿನ್ ಪರಮಾಣು ಹುಟ್ಟುವ ಕಡೆ ಮಿಶ್ರಣಕ್ಕೆ ಹೈಡ್ರೊಜನ್ ಸೇರಿಸಿ, ಫ್ಲೋರಿನ್ ಹೊರದೂಡುವ ಹೈಡ್ರೊಜನ್ ಪರಮಾಣುವನ್ನು 121.6ರಲ್ಲಿ ಹಿಡಿಯಬಹುದು. ಹರಿವಿನ ಲ್ಯಾಂಪಾದರೆ ಅದಕ್ಕೆ ಕ್ಲೋರಿನ್ ಬದಲು ಹೈಡ್ರೊಜನ್ ಬೆರೆಸಿದ ಸಿಲಿಂಡರ್ ಜೋಡಿಸಿದರಾಯಿತು.