ಪಟ್ಟದಕಲ್ಲೋ, ಐಹೊಳೆಯೋ?

ಬೆಂಗಳೂರಿನಿಂದ ಬರುವ ನೆಂಟರದು ಒಂದೇ ಪ್ರಶ್ನೆ. ಬಾದಾಮಿ ನೋಡಿ ಅರ್ಧ ದಿನ ಉಳಿದರೆ ಪಟ್ಟದಕಲ್ಲಿಗೆ ಹೋಗಬೇಕೋ, ಐಹೊಳೆಗೋ? ಎರಡೂ ಮಲಪ್ರಭೆಯ ದಂಡೆಯ ಊರುಗಳೇ. ನಡುವೆ 13 ಕಿಲೋಮೀಟರ್ ಆದೀತು. ಒಂದೇ ದಿನ ಎರಡನ್ನೂ ಮುಗಿಸುತ್ತೇನೆ ಅಂತ ನಾನೂ ಒಮ್ಮೆ ಓಡಿದ್ದೆ. ಮನೆಗೆ ಬಂದು ಫೋಟೊ ನೋಡಿದರೆ ಯಾವ ಗುಡಿ ಯಾವ ಊರಿನದು ಅಂತಲೇ ತಿಳಿಯಲಿಲ್ಲ. ಆಮೇಲೆ ಬೇರೆ ಬೇರೆ ದಿನ ಹೋಗಿಬಂದೆ.

ಪಟ್ಟದಕಲ್ಲಿಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಮುಖ್ಯ ಗುಡಿಗಳೆಲ್ಲ ಒಂದೇ ಆವರಣದಲ್ಲಿವೆ, ಸಪಾಟು ನೆಲ, ಹುಲ್ಲು ಹಾಸು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, ಅಚ್ಚುಕಟ್ಟಾಗಿದೆ. ಗಳಗನಾಥನದು ಉತ್ತರದ ಶೈಲಿಯ ಶಿಖರ, ಪಕ್ಕದ ಸಂಗಮೇಶ್ವರನದು ದಕ್ಷಿಣದ್ದು. ಎರಡರ ವ್ಯತ್ಯಾಸ ಗೈಡ್ ಇಲ್ಲದೆಯೂ ಕಣ್ಣಿಗೆ ಬೀಳುತ್ತದೆ. ವಿರೂಪಾಕ್ಷನಿಗೆ ಇಂದಿಗೂ ಪೂಜೆ ಇದೆ. ಬಾದಾಮಿ ಚಾಲುಕ್ಯರ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು ಅಂದೆ. "ಹಂಗಾರ ಸವತ್ಯಾರ ಪೈಪೋಟಿ ಅನ್ನು!" ಅಂದಳು ಅವ್ವ. ಪೂರ್ವದ ಬಾಗಿಲು ದಾಟಿದರೆ ಹೊಳೆ. ಎರಡು ತಾಸಿನಲ್ಲಿ ಎಲ್ಲ ಮುಗಿಯಿತು.

ಐಹೊಳೆ ಹಾಗೆ ಮುಗಿಯುವುದಿಲ್ಲ. ನೂರಕ್ಕೂ ಜಾಸ್ತಿ ಗುಡಿಗಳು ಊರ ಒಳಗೂ ಹೊರಗೂ ಚೆಲ್ಲಿಕೊಂಡಿವೆ. ಹಿತ್ತಿಲ ಗೋಡೆಯ ಪಕ್ಕ ಒಂದು, ಹೊಲದ ಬದುವಿನಲ್ಲಿ ಇನ್ನೊಂದು. ಎಲ್ಲರೂ ಮೊದಲು ಓಡುವುದು ದುರ್ಗದ ಗುಡಿಗೆ. ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಕೋಟೆಯಿಂದ. ಅದರ ಹಿಂಬದಿ ಆನೆಯ ಬೆನ್ನಿನ ಹಾಗೆ ದುಂಡಗಿದೆ. ನನಗೆ ಅದಕ್ಕಿಂತ ಹಿಡಿಸಿದ್ದು ಲಾಡಖಾನ್ ಗುಡಿ. ಇಳಿಜಾರಿನ ಕಲ್ಲುಚಪ್ಪಡಿ, ಸಂದು ಮುಚ್ಚಲು ಉದ್ದುದ್ದ ಕಲ್ಲಿನ ಪಟ್ಟಿ. ಮರದ ಮನೆ ಕಟ್ಟುವವರ ಕೈಗೆ ಕಲ್ಲು ಕೊಟ್ಟ ಹಾಗಿದೆ. ರಾವಣಫಡಿಯ ಗುಹೆಯೊಳಗೆ ಕುಣಿಯುವ ಶಿವನ ಮುಂದೆ ನಾನೊಬ್ಬನೇ ಅರ್ಧ ತಾಸು ಕೂತಿದ್ದೆ. ಪಟ್ಟದಕಲ್ಲಿನಲ್ಲಿ ಅಂಥ ಏಕಾಂತ ಸಿಗಲಿಲ್ಲ, ಅಲ್ಲಿ ಶಾಲಾ ಮಕ್ಕಳ ಸಾಲೇ ಸಾಲು.

ಐಹೊಳೆಯ ಮೇಗುಟಿ ಗುಡ್ಡ ಹತ್ತಿದ್ದು ಮಧ್ಯಾಹ್ನ ಹನ್ನೆರಡಕ್ಕೆ, ಅದು ನನ್ನ ದಡ್ಡತನ. ನೀರಿನ ಬಾಟಲಿ ಗಾಡಿಯಲ್ಲೇ ಬಿಟ್ಟಿದ್ದೆ. ಆದರೂ ಮೇಲಿನ ಜೈನ ಬಸದಿಯ ಗೋಡೆಯ ಶಾಸನದ ಮುಂದೆ ಬಿಸಿಲು ಮರೆತುಹೋಯಿತು. 634ರಲ್ಲಿ ರವಿಕೀರ್ತಿ ಬರೆದದ್ದು, ಇಮ್ಮಡಿ ಪುಲಕೇಶಿ ಹರ್ಷನನ್ನು ಗೆದ್ದ ಸುದ್ದಿ ಅದರಲ್ಲಿದೆ. ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಸಂಕೋಚದ ಮನುಷ್ಯ ಅಲ್ವೇ ಅಲ್ಲ!

ನನ್ನ ವೋಟು ಐಹೊಳೆಗೆ. ಆದರೆ ಮೊಣಕಾಲು ನೋವಿನವರು, ಸಣ್ಣ ಮಕ್ಕಳು ಜೊತೆಗಿದ್ದರೆ ಸುಮ್ನೆ ಪಟ್ಟದಕಲ್ಲಿಗೇ ಹೋಗಿ. ಐಹೊಳೆಗೆ ಹೋಗುವವರು ಶುಕ್ರವಾರ ಬಿಡಿ, ಅಂದು ಮ್ಯೂಸಿಯಂ ಮುಚ್ಚಿರುತ್ತದೆ. ಊಟ ಮಾತ್ರ ನಾನು ಎರಡೂ ಸಲ ಬಾದಾಮಿಗೆ ಮರಳಿ, ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ಮಾಡಿದೆ. ಖಡಕ್ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು.